ಮಾವೋರಿ ಸೀಟುಗಳು ಮತ್ತು ನಮ್ಮ ಮೀಸಲು ಕ್ಷೇತ್ರ

ನಮ್ಮೂರು ಇರುವುದು ಮೀಸಲು ಕ್ಷೇತ್ರದಲ್ಲಿ. ನಾನು ಹುಡುಗನಾಗಿದ್ದಾಗ ಒಂದು ಚುನಾವಣೆಯಲ್ಲಿ ನಮ್ಮದೇ ಜಾತಿಯ ಅಭ್ಯರ್ಥಿ ಊರಿಗೆ ಬಂದವರು ಮೊದಲು ಹೋಗಿ ಗೌಡರ ಜಗಲಿ ಕೆಳಗೆ ಕೈಮುಗಿದು ನಿಂತರು. ಕೇರಿಗೆ ಬರುವ ಹೊತ್ತಿಗೆ ಕತ್ತಲಾಗಿತ್ತು. "ಅವ್ನು ನಮ್ಮೋನೇ ಕಣ್ಲಾ, ಆದ್ರೆ ಗೆಲ್ಸೋರು ನಾವಲ್ವಲ್ಲ" ಅಂದಿದ್ದರು ನಮ್ಮಪ್ಪ. ನ್ಯೂಜಿಲೆಂಡ್ ಪಾರ್ಲಿಮೆಂಟಿನ ಮಾವೋರಿ ಸೀಟುಗಳ ಬಗ್ಗೆ ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ನಮ್ಮ ಮೀಸಲು ಕ್ಷೇತ್ರದಲ್ಲಿ ನಿಲ್ಲುವವರು ಮಾತ್ರ ಪರಿಶಿಷ್ಟರು, ಓಟು ಹಾಕುವುದು ಇಡೀ ಊರು. ಅಲ್ಲಿ ಇದು ತಿರುಗುಮುರುಗು. ಮಾವೋರಿ ಪಟ್ಟಿಯಲ್ಲಿ ಹೆಸರು ಬರೆಸಿದ ಮಾವೋರಿಗಳು ಮಾತ್ರ ಓಟು ಹಾಕುತ್ತಾರೆ. ನಿಲ್ಲುವವರು ಮಾವೋರಿಯೇ ಆಗಿರಬೇಕೆಂಬ ಕಾನೂನು ಇಲ್ಲ. ಆ ಪಟ್ಟಿಯೋ ಸಾಮಾನ್ಯ ಪಟ್ಟಿಯೋ ಎಂಬುದು 1975ರಿಂದ ಅವರವರ ಆಯ್ಕೆ. 1932ರಲ್ಲಿ ಬಾಬಾಸಾಹೇಬರ ಬೇಡಿಕೆಗೆ ಬ್ರಿಟಿಷ್ ಸರ್ಕಾರ ಆಗಸ್ಟಿನಲ್ಲಿ ಒಪ್ಪಿ, ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತ ಮೇಲೆ ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲಿ ನಾವು ಕಳೆದುಕೊಂಡೆವಲ್ಲ, ಅದಕ್ಕೆ ಹತ್ತಿರದ್ದು ಇದು. ಪ್ರಾಂತೀಯ ಶಾಸನಸಭೆಗಳಲ್ಲಿ ನಮಗೆ 71 ಸೀಟು ಇದ್ದದ್ದು 148 ಆಯಿತು. ನಮ್ಮವರನ್ನು ನಾವೇ ಆರಿಸುವ ಹಕ್ಕು ಹೋಯಿತು.

ಹಾಗಂತ ಮಾವೋರಿ ಸೀಟುಗಳು ಬಿಳಿಯರ ಔದಾರ್ಯದಿಂದ ಬಂದವೂ ಅಲ್ಲ. 1867ರಲ್ಲಿ, ಭೂಮಿಗಾಗಿ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಐದು ವರ್ಷಕ್ಕೆ ಮಾತ್ರ ಎಂದು ನಾಲ್ಕು ಸೀಟು ಕೊಟ್ಟರು. ಆಗ ಓಟಿಗೆ ಸ್ವಂತ ಆಸ್ತಿ ಬೇಕಿತ್ತು. ಮಾವೋರಿಗಳ ಭೂಮಿ ಕುಲದ ಒಟ್ಟು ಒಡೆತನದಲ್ಲಿತ್ತು. ಜನಸಂಖ್ಯೆಯ ಲೆಕ್ಕ ಹಿಡಿದಿದ್ದರೆ ಹದಿನಾಲ್ಕಾದರೂ ಸಿಗಬೇಕಿತ್ತು. ಆ ನಾಲ್ಕು 1993ರ ತನಕ ನಾಲ್ಕೇ! ಬಿಳಿಯರಿಗೆ 1870ರಲ್ಲಿ ಬಂದ ಗುಪ್ತ ಮತದಾನ ಮಾವೋರಿಗಳಿಗೆ ಸಿಕ್ಕಿದ್ದು 1938ರ ಚುನಾವಣೆಯಲ್ಲಿ. 1986ರಲ್ಲಿ ಚುನಾವಣಾ ಸುಧಾರಣೆಯ ಆಯೋಗವೊಂದು ಈ ಸೀಟುಗಳನ್ನು ತೆಗೆಯಿರಿ ಎಂದಾಗ ಮಾವೋರಿಗಳು ಒಪ್ಪಲಿಲ್ಲ. 1993ರ ಕಾನೂನು ಸೀಟುಗಳ ಸಂಖ್ಯೆಯನ್ನು ಮಾವೋರಿ ಪಟ್ಟಿಯ ಬಲಕ್ಕೆ ಜೋಡಿಸಿತು. 1996ರಲ್ಲಿ ಐದು, 2002ರಿಂದ ಏಳು.

ಇನ್ನು ಪಕ್ಷಗಳು. ಲೇಬರ್ ಪಕ್ಷ ಸೀಟು ಉಳಿಯಬೇಕು ಅನ್ನುತ್ತದೆ. ಅನ್ನದೆ ಏನು? ರಾತನಾ ಪಂಥದ ಜೊತೆ 1936ರಲ್ಲಿ ಮೈತ್ರಿ ಮಾಡಿಕೊಂಡು, 1943ರಿಂದ ದಶಕಗಳ ಕಾಲ ಈ ಸೀಟುಗಳನ್ನು ತನ್ನ ಕೊಟ್ಟಿಗೆಯ ಹಸುವಿನಂತೆ ಕಟ್ಟಿಕೊಂಡಿತ್ತು. ಆದರೆ ಹಸು ಹಗ್ಗ ಹರಿಯಿತು. ಕಡಲದಂಡೆಯ ಮೇಲಿನ ಹಕ್ಕಿನ ವಿಷಯದಲ್ಲಿ ಲೇಬರ್ ಸರ್ಕಾರ ಮಾವೋರಿಗಳ ವಿರುದ್ಧ ಕಾನೂನು ತಂದಾಗ, 2004ರಲ್ಲಿ ಅದರದೇ ಮಂತ್ರಿ ತರಿಯಾನಾ ತುರಿಯಾ ಪಕ್ಷ ಬಿಟ್ಟು ಬಂದರು. ಮಾವೋರಿ ಪಾರ್ಟಿ ಹುಟ್ಟಿತು. 2005ರಲ್ಲಿ ಏಳರಲ್ಲಿ ನಾಲ್ಕು ಗೆದ್ದಿತು. ನಮ್ಮ ಮೀಸಲು ಕ್ಷೇತ್ರದ ಒಬ್ಬ ಎಂ.ಪಿ. ಹೀಗೆ ಪಕ್ಷ ಬಿಟ್ಟು ಬಂದು, ಬರೀ ಕೇರಿಯ ಓಟಿನಿಂದ ಮತ್ತೆ ಗೆಲ್ಲುವುದು ಸಾಧ್ಯವೆ?

ನ್ಯಾಷನಲ್ ಪಕ್ಷದ್ದು ಬೇರೆ ಕತೆ. 2003ರಲ್ಲಿ ಸೀಟು ರದ್ದು ಮಾಡುತ್ತೇವೆ ಎಂದಿತು. 2002ರ ನಂತರ 2023ರವರೆಗೆ ಅಲ್ಲಿ ಅಭ್ಯರ್ಥಿಯನ್ನೇ ಹಾಕಲಿಲ್ಲ. ಆದರೆ 2008ರಲ್ಲಿ ಸರ್ಕಾರ ಮಾಡಲು ಮಾವೋರಿ ಪಾರ್ಟಿಯ ಕೈ ಬೇಕಾಯಿತು ನೋಡಿ, ಜಾನ್ ಕೀ ಆ ಮಾತನ್ನು ಅಟ್ಟದ ಮೇಲಿಟ್ಟರು. ನ್ಯೂಜಿಲೆಂಡ್ ಫಸ್ಟ್‌ನ ವಿನ್‌ಸ್ಟನ್ ಪೀಟರ್ಸ್ ತಾವೇ ಮಾವೋರಿ. 1996ರಲ್ಲಿ ಅವರ ಪಕ್ಷ ಐದಕ್ಕೆ ಐದೂ ಗೆದ್ದಿತ್ತು. ಮೂರು ವರ್ಷಕ್ಕೆ ಎಲ್ಲವೂ ಕೈಬಿಟ್ಟು ಹೋದವು. 2017ರಲ್ಲಿ ಅದೇ ಪೀಟರ್ಸ್ ಈ ಸೀಟುಗಳು ಇರಬೇಕೋ ಬೇಡವೋ ಎಂದು ಜನಮತ ಕೇಳೋಣ ಎಂದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಬಿಳಿಯರೋ ಬೇರೆಯವರೋ ಆಗಿರುವ ದೇಶದಲ್ಲಿ ಜನಮತವಂತೆ! ಆಕ್ಟ್ ಪಕ್ಷದ ವಾದ ನಮಗೆ ಹೊಸದಲ್ಲ: ಕಾನೂನಿನ ಮುಂದೆ ಎಲ್ಲರೂ ಒಂದೇ, ಜನಾಂಗದ ಮೇಲೆ ಸೀಟು ಯಾಕೆ. ಗ್ರೀನ್ ಪಕ್ಷ ಈ ಸೀಟುಗಳಿಗೆ ಇನ್ನೂ ಗಟ್ಟಿ ರಕ್ಷಣೆ ಬೇಕು ಅನ್ನುತ್ತದೆ. ಮಾತು ಸರಿ. ಚುನಾವಣಾ ಕಾನೂನಿನ ಕೆಲವು ಕಲಮುಗಳನ್ನು ತೆಗೆಯಲು ಶೇ. 75ರಷ್ಟು ಸದಸ್ಯರು ಇಲ್ಲವೇ ಜನಮತ ಬೇಕು. ಮಾವೋರಿ ಸೀಟು ತೆಗೆಯಲು ಬರೀ ಬಹುಮತ ಸಾಕು.

ಏಳು ಸೀಟಿನಿಂದ ಹೋದ ಭೂಮಿ ವಾಪಸು ಬರುವುದಿಲ್ಲ, ನಿಜ. ಪ್ರತ್ಯೇಕ ಪಟ್ಟಿ ಇದ್ದೂ ಅವರು ಐವತ್ತು ವರ್ಷ ಒಂದೇ ಪಕ್ಷದ ಜೇಬಿನಲ್ಲಿದ್ದರು ಎಂಬುದನ್ನೂ ಮರೆಯಬಾರದು. ಆದರೂ 2023ರಲ್ಲಿ ಏಳರಲ್ಲಿ ಆರನ್ನು ಗೆದ್ದದ್ದು ಅವರದೇ ಪಕ್ಷ. ಈ ಸೀಟುಗಳ ಮೇಲೆ ಅಷ್ಟೊಂದು ಪಕ್ಷಗಳಿಗೆ ಉರಿ ಯಾಕೆಂದರೆ, ಅವು ನಿಜಕ್ಕೂ ಮಾವೋರಿಗಳ ಕೈಯಲ್ಲಿವೆ.

ನಮ್ಮಲ್ಲಿ ಅಂಥ ಉರಿ ಇಲ್ಲ. ಕಾನ್ಶಿರಾಮ್ 1982ರಲ್ಲಿ, ಪೂನಾ ಒಪ್ಪಂದಕ್ಕೆ ಐವತ್ತು ತುಂಬಿದಾಗ, ಚಮಚಾಗಳ ಯುಗ ಎಂದು ಪುಸ್ತಕವನ್ನೇ ಬರೆದರು. 2019ರ ಡಿಸೆಂಬರಿನಲ್ಲಿ ಲೋಕಸಭೆ, ವಿಧಾನಸಭೆಗಳ ನಮ್ಮ ಮೀಸಲನ್ನು 2030ರವರೆಗೆ ವಿಸ್ತರಿಸುವ ತಿದ್ದುಪಡಿ ಬಂದಾಗ ಪಾರ್ಲಿಮೆಂಟಿನಲ್ಲಿ ಒಂದೇ ಒಂದು ವಿರೋಧ ಮತ ಬೀಳಲಿಲ್ಲ. ಸಂತೋಷಪಡಬೇಕಾದ ಸುದ್ದಿಯೇ ಇರಬಹುದು. ನನಗೆ ಮಾತ್ರ ಆ ಜಗಲಿ ನೆನಪಾಯಿತು.