ಪುಟ್ಟ ನಾಯಿಗೂ ಪಾಠ ಬೇಕು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮಕ್ಕಳ ವಿಷಯ ಬಂದಾಗಲೆಲ್ಲ ನಾವು ಹೇಳುತ್ತೇವೆ. ನಾಯಿಯ ವಿಷಯ ಬಂದರೆ ಮಾತ್ರ "ನಾಯಿ ಬಾಲ ಡೊಂಕು" ಎಂದು ಕೈಚೆಲ್ಲುತ್ತೇವೆ. ಮೊದಲನೆಯ ಗಾದೆಯೇ ನಾಯಿಗೂ ಸರಿ ಎಂಬುದು ಈ ಲೇಖನದ ತಿರುಳು.

ಊರಿನಲ್ಲಿ ನಾಯಿ ಎಂದರೆ ಅಂಗಳದ ಪ್ರಾಣಿ. ನಮ್ಮ ಹೆಮ್ಮೆಯ ಮುಧೋಳ ನಾಯಿಯಂತೂ ಬಯಲಲ್ಲಿ ಓಡಲೆಂದೇ ಹುಟ್ಟಿದ್ದು. 2005ರಲ್ಲಿ ಭಾರತದ ಅಂಚೆ ಚೀಟಿಯ ಮೇಲೂ ಅದು ಕಾಣಿಸಿಕೊಂಡಿತು. ಇಲ್ಲಿ ಐರ್ಲೆಂಡಿನಲ್ಲಿ ನಮ್ಮ ಬದುಕು ಕಾರ್ಪೆಟ್ಟು ಹಾಸಿದ ಮನೆ, ಕರವಸ್ತ್ರದಷ್ಟು ಹಿತ್ತಿಲು, ಗೋಡೆಗೆ ಗೋಡೆ ಅಂಟಿದ ನೆರೆಮನೆ. ಹೀಗಾಗಿ ಮಕ್ಕಳು ಹಟ ಹಿಡಿದಾಗ ಯಾರ್ಕ್‌ಷೈರ್ ಟೆರಿಯರ್, ಶಿಟ್ಜು, ಕ್ಯಾವಲಿಯರ್‌ಗಳಂಥ ಪುಟ್ಟ ಜಾತಿಗಳ ಕಡೆಗೇ ಮನಸ್ಸು ವಾಲುತ್ತದೆ.

ಪುಟ್ಟ ನಾಯಿಯ ತೊಂದರೆ ಅದರ ಮುದ್ದಿನಲ್ಲೇ ಇದೆ. ಮೂವತ್ತು ಕಿಲೋದ ನಾಯಿ ಅತಿಥಿಯ ಮೈಮೇಲೆ ಹಾರಿದರೆ ಗದರಿಸುತ್ತೇವೆ, ಮೂರು ಕಿಲೋದ್ದು ಹಾರಿದರೆ ನಗುತ್ತೇವೆ. ವಿಯೆನ್ನಾದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡುಬಂತು: ಪುಟ್ಟ ನಾಯಿಗಳ ಒಡೆಯರು ಕಲಿಸುವುದು ಕಡಿಮೆ, ಒಂದು ದಿನ ಒಪ್ಪಿದ್ದನ್ನು ಇನ್ನೊಂದು ದಿನ ಒಪ್ಪುವುದಿಲ್ಲ. ಗುರುಗುಟ್ಟಿದಾಗಲೆಲ್ಲ ಎತ್ತಿಕೊಂಡು ಮುದ್ದಿಸಿದರೆ, ಗುರುಗುಟ್ಟಿದರೆ ಕೆಲಸವಾಗುತ್ತದೆ ಎಂದು ನಾಯಿ ಕಲಿಯುತ್ತದೆ. ನಾವು ಕಲಿಸದಿದ್ದರೂ ಅದು ಕಲಿಯುವುದನ್ನು ನಿಲ್ಲಿಸುವುದಿಲ್ಲ.

ಮೊದಲ ವಾರಗಳು

ಮರಿಗೆ ಎಂಟು ವಾರ ತುಂಬುವ ಮೊದಲು ಮನೆಗೆ ತರಬಾರದು. ಮೂರನೆಯ ವಾರದಿಂದ ಸುಮಾರು ಹನ್ನೆರಡು-ಹದಿನಾಲ್ಕನೆಯ ವಾರದವರೆಗೆ ಮರಿ ಲೋಕವನ್ನು ಹೆದರದೆ ಒಪ್ಪಿಕೊಳ್ಳುವ ಕಾಲ. ಕುಕ್ಕರಿನ ಸಿಳ್ಳೆ, ಮಿಕ್ಸಿಯ ಸದ್ದು, ಸೀರೆ ಉಟ್ಟ ಅಜ್ಜಿ, ಛತ್ರಿ ಹಿಡಿದ ಅಂಚೆಯವನು, ಎಲ್ಲವೂ ಆಗಲೇ ಪರಿಚಯವಾಗಲಿ. ಲಸಿಕೆ ಪೂರ್ತಿಯಾಗುವವರೆಗೆ ಬೀದಿಯಲ್ಲಿ ನೆಲಕ್ಕೆ ಬಿಡದೆ ಎತ್ತಿಕೊಂಡು ತೋರಿಸಬಹುದು.

ಶೌಚದ ಪಾಠಕ್ಕೆ ಬೇಕಾದದ್ದು ಬೈಗುಳವಲ್ಲ, ಗಡಿಯಾರ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ ಅಷ್ಟು ಗಂಟೆ ತಡೆದುಕೊಂಡೀತು ಎಂಬುದು ಒಂದು ಲೆಕ್ಕ. ಪುಟ್ಟ ಜಾತಿಯಲ್ಲಿ ಅದಕ್ಕೂ ಕಡಿಮೆಯೆಂದೇ ತಿಳಿಯಿರಿ. ಎದ್ದ ಕೂಡಲೆ, ಉಂಡ ಮೇಲೆ, ಆಡಿದ ಮೇಲೆ ಹಿತ್ತಿಲಿಗೆ ಒಯ್ಯಿರಿ. ಅಲ್ಲೇ ಕೆಲಸ ಮುಗಿಸಿದರೆ ಅಲ್ಲೇ ಹೊಗಳಿ ಒಂದು ಚೂರು ತಿನಿಸು ಕೊಡಿ. ಡಿಸೆಂಬರಿನಲ್ಲಿ ಡಬ್ಲಿನ್‌ನಲ್ಲಿ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ, ಮೇಲೆ ಮಳೆ. ಬಾಗಿಲು ತೆರೆದು ನಾಯಿಯನ್ನು ಮಾತ್ರ ತಳ್ಳಿದರೆ ಅದು ಹೊಸ್ತಿಲಲ್ಲೇ ನಿಲ್ಲುತ್ತದೆ. ನೀವೂ ನೆನೆಯಬೇಕು.

ಯಾವ ಭಾಷೆ?

ನಾಯಿಗೆ ಕನ್ನಡದಲ್ಲಿ ಹೇಳಿದರೆ ತಿಳಿದೀತೇ ಎಂದು ಕೇಳುವವರುಂಟು. ಧಾರಾಳವಾಗಿ ತಿಳಿಯುತ್ತದೆ. ಬುಡಾಪೆಸ್ಟಿನಲ್ಲಿ ಹದಿನೆಂಟು ನಾಯಿಗಳ ಮಿದುಳನ್ನು ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೇಳಿ ರೂಢಿಯಾದ ಭಾಷೆಯನ್ನೂ ಅಪರಿಚಿತ ಭಾಷೆಯನ್ನೂ ನಾಯಿಯ ಮಿದುಳು ಬೇರೆಬೇರೆಯಾಗಿ ಗುರುತಿಸುತ್ತದೆಂದು ಅದರಿಂದ ತಿಳಿದುಬಂತು. ಭಾಷೆ ಯಾವುದಾದರೂ ಆಗಲಿ, ಮನೆಯವರೆಲ್ಲರ ಬಾಯಲ್ಲೂ ಒಂದೇ ಮಾತು ಬರಬೇಕು. ಅಮ್ಮ "ಕೂತ್ಕೋ", ಮಗ "ಸಿಟ್", ಊರಿಂದ ಬಂದ ತಾತ "ಕುಳಿತುಕೊಳ್ಳಪ್ಪಾ" ಎಂದರೆ ಪಾಪ, ನಾಯಿ ಯಾರ ಮಾತು ಕೇಳಬೇಕು?

"ಬಾ", "ಬೇಡ", "ಬಿಡು" ಮೂರಕ್ಕೂ ಮೊದಲ ಅಕ್ಷರ ಒಂದೇ ಬಳ್ಳಿಯದು. ಆದುದರಿಂದ ಕರೆಯಲು "ಬಾ", ಕೂರಿಸಲು "ಕೂರು", ತಡೆಯಲು "ನಿಲ್ಲು", ಬೇಡವೆನ್ನಲು ನಮ್ಮ "ಉಹ್ಞೂಂ" ಸಾಕು.

ಕೂರಿಸುವುದು ಸುಲಭ. ಬಟಾಣಿಯಷ್ಟು ತಿನಿಸನ್ನು ಮೂಗಿನ ಬಳಿ ಹಿಡಿದು ನಿಧಾನವಾಗಿ ತಲೆಯ ಹಿಂದಕ್ಕೆ ಸರಿಸಿ. ತಲೆ ಮೇಲೆದ್ದಂತೆ ಹಿಂಭಾಗ ತಾನೇ ನೆಲ ಮುಟ್ಟುತ್ತದೆ. ಆ ಕ್ಷಣದಲ್ಲೇ "ಕೂರು" ಎಂದು ಹೇಳಿ, ಕೊಡಿ. ದಿನಕ್ಕೆ ಮೂರು ಸಲ, ಸಲಕ್ಕೆ ಮೂರು ನಿಮಿಷ. ತಿನಿಸನ್ನು ಊಟದ ಪಾಲಿನಿಂದಲೇ ತೆಗೆಯಿರಿ. ನಾಲ್ಕು ಕಿಲೋದ ನಾಯಿಗೆ ನಾನೂರು ಗ್ರಾಂ ಏರಿದರೆ ಮೈತೂಕದ ಹತ್ತನೆಯ ಒಂದು ಪಾಲು ಏರಿದಂತೆ.

"ಬಾ" ಎಂದು ಕರೆದು ಎಂದೂ ಬೈಯಬೇಡಿ. ಬೈಸಿಕೊಳ್ಳಲು ಯಾರೂ ಓಡಿಬರುವುದಿಲ್ಲ. ಈ ಒಂದು ಪಾಠ ಜೀವ ಉಳಿಸುವಂಥದು. ವಿಕ್ಲೋ ಬೆಟ್ಟಗಳಲ್ಲಿ ಕುರಿಗಳ ಬೆನ್ನಟ್ಟಿದ ನಾಯಿಗೆ ರೈತ ಗುಂಡು ಹಾರಿಸಿದರೆ, 1986ರ ನಾಯಿ ನಿಯಂತ್ರಣ ಕಾಯಿದೆ ಕೆಲವು ಷರತ್ತುಗಳೊಂದಿಗೆ ಅವನಿಗೆ ರಕ್ಷಣೆ ಕೊಡುತ್ತದೆ. ನಾಯಿ ಚಿಕ್ಕದೆಂಬ ವಿನಾಯಿತಿ ಅಲ್ಲಿಲ್ಲ. ಕುರಿಗಳಿರುವ ಕಡೆ ಹಗ್ಗ ಬಿಡಲೇಬೇಡಿ. ಪುಟ್ಟ ಜಾತಿಗಳ ಶ್ವಾಸನಾಳ ಸೂಕ್ಷ್ಮವಾದ್ದರಿಂದ ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ. ಹೆಸರು-ವಿಳಾಸದ ಕೊರಳಪಟ್ಟಿಯೂ ಇರಲಿ, ಅದು ಕಾನೂನು. ಪರವಾನಗಿ ಅಂಚೆ ಕಚೇರಿಯಲ್ಲಿ ಸಿಗುತ್ತದೆ. ಮೈಕ್ರೋಚಿಪ್ 2016ರಿಂದ ಎಲ್ಲ ನಾಯಿಗಳಿಗೂ ಕಡ್ಡಾಯ.

ಅಡುಗೆಮನೆಯ ಎಚ್ಚರ

ಇದನ್ನು ದಯವಿಟ್ಟು ಎರಡು ಸಲ ಓದಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗದು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಹಾಗಾಗಿ ಹುಳಿಯನ್ನ, ಪಲ್ಯದ ತಳ, ಕೇಸರಿಬಾತು, ಪಾಯಸ ಯಾವುದನ್ನೂ ಹಾಕಕೂಡದು. ಚಾಕೊಲೇಟು, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಇವೂ ಅಪಾಯಕರ. ಮೈ ಚಿಕ್ಕದಾದಷ್ಟೂ ವಿಷದ ಪ್ರಮಾಣ ದೊಡ್ಡದು. ಹಬ್ಬದ ದಿನ ಅತಿಥಿಗಳಿಗೆಲ್ಲ ಮೊದಲೇ ಹೇಳಿಬಿಡಿ. ತಿಂದದ್ದು ಗೊತ್ತಾದರೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.

ನಾಯಿ ಕಂಡರೆ ಹಿರಿಯರು ಹೆದರುವುದು ಸಹಜ. ಊರಿನಲ್ಲಿ ಹುಚ್ಚುನಾಯಿ ಕಡಿತ ಇಂದಿಗೂ ಪ್ರಾಣಾಂತಿಕ. ಐರ್ಲೆಂಡಿನ ನಾಯಿಗಳಲ್ಲಿ 1903ರಿಂದ ಆ ರೋಗವಿಲ್ಲ ಎಂದು ಅವರಿಗೆ ಧೈರ್ಯ ಹೇಳಬಹುದು. ಆದರೆ ಊರಿಗೆ ಹೋದಾಗ ಬೀದಿನಾಯಿಯನ್ನು ಮುಟ್ಟಬಾರದೆಂದು ಇಲ್ಲಿ ಬೆಳೆದ ಮಕ್ಕಳಿಗೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಒಂಟಿತನವೂ ಕಲಿಕೆಯೇ

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳು ನಮ್ಮವು. ಬೆಳೆದ ನಾಯಿಯನ್ನೂ ನಾಲ್ಕು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡಬಾರದೆನ್ನುತ್ತಾರೆ. ಎರಡು ನಿಮಿಷ, ಐದು ನಿಮಿಷ, ಹತ್ತು ನಿಮಿಷ ಹೀಗೆ ಏರಿಸುತ್ತ ಅಭ್ಯಾಸ ಮಾಡಿಸಿ. ನಾಲ್ಕು ವಾರ ಊರಿಗೆ ಹೋಗುವಾಗ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮರಿ ತರುವ ಮೊದಲೇ ತೀರ್ಮಾನಿಸಿರಿ. ಇದಕ್ಕೆ ಉತ್ತರವಿಲ್ಲದಿದ್ದರೆ ಮಕ್ಕಳಿಗೆ "ಈಗ ಬೇಡ" ಎನ್ನುವುದೇ ದಯೆ. ಡಬ್ಲಿನ್ನಿನಲ್ಲಿ 1840ರಿಂದ ದುಡಿಯುತ್ತಿರುವ ಪ್ರಾಣಿದಯಾ ಸಂಘ, ಫಿಂಗ್ಲಸ್‌ನ ಡಾಗ್ಸ್ ಟ್ರಸ್ಟ್‌ನಂಥ ಆಶ್ರಯಗಳಿಗೆ ಮನೆಯವರೇ ತಂದುಬಿಡುವ ನಾಯಿಗಳೂ ಬರುತ್ತವೆ. ಕಲಿಸದೆ ಹೋದವರು ನಾವು, ಮನೆ ಕಳೆದುಕೊಳ್ಳುವುದು ಅದು.

ಪಾಠ ಹೇಳುವ ಕೆಲಸವನ್ನು ಆದಷ್ಟೂ ಮಕ್ಕಳಿಗೇ ಒಪ್ಪಿಸಿ, ಹಿರಿಯರು ಪಕ್ಕದಲ್ಲಿರಿ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು, ಕನ್ನಡ ಮಾತ್ರ ಬಲ್ಲ ನಾಯಿಗೆ "ಬಾ, ಕೂರು" ಎನ್ನಲೇಬೇಕಲ್ಲ! ನಿಮ್ಮ ಮನೆಯ ನಾಯಿ ಯಾವ ಕನ್ನಡ ಮಾತು ಕಲಿತಿದೆ ಎಂದು ಮುಂದಿನ ಸಂಚಿಕೆಗೆ ಮಕ್ಕಳ ಕೈಯಲ್ಲೇ ಬರೆಸಿ ಕಳುಹಿಸಿ.