ಹಣ್ಣುನೊಣದ ಮೈಗಾವಲು

ಕಳಿತ ಬಾಳೆಯ ಹಣ್ಣನ್ನು ಎರಡು ದಿನ ಹಾಗೆಯೇ ಬಿಟ್ಟರೆ ಎಲ್ಲಿಂದಲೋ ಬಂದು ಅದನ್ನು ಮುತ್ತುವ ಪುಟ್ಟ ನೊಣಗಳನ್ನು ನೋಡದವರು ವಿರಳ. ಮೈಯ ಉದ್ದ ಸುಮಾರು 3 ಮಿಲಿಮೀಟರು, ಕಣ್ಣು ಕೆಂಪು, ಮೈಬಣ್ಣ ಹಳದಿ ಬೆರೆತ ಕಂದು. ಇವೇ ಹಣ್ಣುನೊಣಗಳು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದ ಜಾತಿಯನ್ನು ವಿಜ್ಞಾನಿಗಳು ಡ್ರೊಸೊಫಿಲ ಮೆಲನೊಗ್ಯಾಸ್ಟರ್ ಎಂದು ಕರೆಯುತ್ತಾರೆ. ಕೈ ಬೀಸಿದರೆ ಚದರಿಹೋಗುವ ಈ ಅಲ್ಪಜೀವಿಯಿಂದ ಮಾನವನು ಕಲಿತ ಪಾಠಗಳು ಅಲ್ಪವಾದುವಲ್ಲ. ರೋಗಾಣುಗಳೊಡನೆ ಹೋರಾಡುವುದು ಹೇಗೆ, ಆ ಹೋರಾಟವನ್ನು ಹದದಲ್ಲಿಡುವುದು ಹೇಗೆ ಎಂಬುದು ಅಂಥ ಪಾಠಗಳಲ್ಲೊಂದು.

ಈ ನೊಣದ ಬಾಳು ಕೊಳೆಯುವ ಹಣ್ಣನ್ನೇ ಆಶ್ರಯಿಸಿದೆ. ಹುಳಿಯುತ್ತಿರುವ ಹಣ್ಣಿನಲ್ಲಿ ಯೀಸ್ಟ್, ಬೂಷ್ಟು ಮತ್ತು ಬ್ಯಾಕ್ಟೀರಿಯಗಳು ಲೆಕ್ಕವಿಲ್ಲದಷ್ಟು ಬೆಳೆಯುತ್ತವೆ. ನೊಣ ಮೊಟ್ಟೆಯಿಡುವುದು ಅಲ್ಲಿಯೇ. ಮೊಟ್ಟೆಯಿಂದ ಹೊರಬಂದ ಮರಿಹುಳು ತಿಂದು ಬೆಳೆಯುವುದೂ ಅಲ್ಲಿಯೇ. ಪ್ರತಿಯೊಂದು ತುತ್ತಿನೊಡನೆಯೂ ಸೂಕ್ಷ್ಮಜೀವಿಗಳು ಅದರ ಕರುಳನ್ನು ಸೇರುತ್ತವೆ. ಅವುಗಳಲ್ಲಿ ಅನೇಕವು ನಿರುಪದ್ರವಿಗಳು. ಕೆಲವು ಬೆಳವಣಿಗೆಗೆ ನೆರವಾಗುವ ಮಿತ್ರರು. ಇನ್ನು ಕೆಲವು ಪ್ರಾಣಕ್ಕೆ ಎರವಾಗುವ ಶತ್ರುಗಳು. ಶತ್ರುಗಳನ್ನು ಕೊಲ್ಲದಿದ್ದರೆ ನೊಣಕ್ಕೆ ಉಳಿವಿಲ್ಲ. ಕಂಡಕಂಡವುಗಳನ್ನೆಲ್ಲ ಕೊಲ್ಲಹೊರಟರೂ ಉಳಿವಿಲ್ಲ. ಈ ಇಕ್ಕಟ್ಟಿನಲ್ಲಿ ಅದು ಬದುಕುವ ಬಗೆ ಯಾವುದು?

ಮನುಷ್ಯನ ದೇಹವು ಒಮ್ಮೆ ಎದುರಿಸಿದ ರೋಗಾಣುವಿನ ಗುರುತನ್ನು ನೆನಪಿನಲ್ಲಿಟ್ಟುಕೊಂಡು, ಅದು ಮತ್ತೆ ಬಂದಾಗ ಅದಕ್ಕೆ ತಕ್ಕ ಪ್ರತಿಕಾಯಗಳನ್ನು ಬೇಗನೆ ತಯಾರಿಸಬಲ್ಲದು. ಲಸಿಕೆಗಳು ಫಲ ಕೊಡುವುದು ಈ ಗುಣದಿಂದಲೇ. ಹಣ್ಣುನೊಣಕ್ಕೆ ಪ್ರತಿಕಾಯಗಳಿಲ್ಲ. ಹುಟ್ಟಿನಿಂದ ಬಂದ ರಕ್ಷಣೆಯೇ ಅದರ ಸರ್ವಸ್ವ. ಹೊರಗೆ ಗಟ್ಟಿಯಾದ ಚರ್ಮವಿದೆ. ಒಳಗೆ ರೋಗಾಣುಗಳನ್ನು ಹಿಡಿದು ನುಂಗುವ ರಕ್ತಕಣಗಳಿವೆ. ಇವೆರಡನ್ನೂ ಮೀರಿದ ಮೂರನೆಯ ಆಯುಧವೊಂದಿದೆ. ಮನುಷ್ಯನ ಯಕೃತ್ತಿನಂತೆ ಕೆಲಸಮಾಡುವ ಕೊಬ್ಬಿನ ಅಂಗವೊಂದು ನೊಣದ ಮೈಯಲ್ಲಿದ್ದು, ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ಅದು ರೋಗಾಣುನಾಶಕ ವಸ್ತುಗಳನ್ನು ತಯಾರಿಸಿ ರಕ್ತಕ್ಕೆ ಸುರಿಯುತ್ತದೆ. ಇವು ಪೆಪ್ಟೈಡುಗಳು, ಎಂದರೆ ಪುಟ್ಟ ಪ್ರೋಟೀನು ತುಣುಕುಗಳು.

ಈ ರಹಸ್ಯ ಹೊರಬಿದ್ದುದು ಹಲವು ದೇಶಗಳ ವಿಜ್ಞಾನಿಗಳ ದುಡಿಮೆಯಿಂದ. ಹಣ್ಣುನೊಣವನ್ನು ಸೀಸೆಗಳಲ್ಲಿ ಸಾಕುವುದು ಸುಲಭ. ಹತ್ತು ದಿನಗಳಲ್ಲಿ ಮೊಟ್ಟೆಯು ನೊಣವಾಗುತ್ತದೆ. ಆದುದರಿಂದಲೇ ಟಿ. ಎಚ್. ಮಾರ್ಗನ್ ಅವರ ಕಾಲದಿಂದ ಇದು ಪ್ರಯೋಗಶಾಲೆಗಳ ಅಚ್ಚುಮೆಚ್ಚಿನ ಜೀವಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಹಣ್ಣುನೊಣದ ತಳಿಗಳನ್ನು ಕಾಪಾಡುವ ಕೇಂದ್ರವೊಂದಿದೆ. 1972ರಲ್ಲಿ ಸ್ವೀಡನ್ನಿನ ಹಾನ್ಸ್ ಬೋಮನ್ ಮತ್ತು ಸಂಗಡಿಗರು, ಮೊದಲು ನಿರುಪದ್ರವಿ ಬ್ಯಾಕ್ಟೀರಿಯಗಳನ್ನು ಚುಚ್ಚಿದ ನೊಣಗಳು ಅನಂತರ ಬಂದ ಸೋಂಕನ್ನು ಹೆಚ್ಚು ಸಮರ್ಥವಾಗಿ ಎದುರಿಸುವುದನ್ನು ತೋರಿಸಿದರು. 1981ರಲ್ಲಿ ಅವರ ತಂಡವೇ ಸೆಕ್ರೋಪಿಯ ಎಂಬ ಪತಂಗದಿಂದ ರೋಗಾಣುನಾಶಕ ಪೆಪ್ಟೈಡುಗಳನ್ನು ಬೇರ್ಪಡಿಸಿತು.

ಶತ್ರು ಬಂದುದು ನೊಣಕ್ಕೆ ತಿಳಿಯುವುದೆಂತು? ಬ್ಯಾಕ್ಟೀರಿಯದ ಕೋಶಭಿತ್ತಿಯಲ್ಲಿ ಪೆಪ್ಟಿಡೊಗ್ಲೈಕನ್ ಎಂಬ ವಸ್ತುವಿದೆ. ಪ್ರಾಣಿಗಳ ಜೀವಕೋಶಗಳು ಇದನ್ನು ತಯಾರಿಸುವುದಿಲ್ಲ. ಆದುದರಿಂದ ಇದರ ಚೂರು ಎಲ್ಲಿ ಕಂಡರೂ ಅದು ಬ್ಯಾಕ್ಟೀರಿಯದ ಸುಳಿವೇ ಸರಿ. ನೊಣದ ಜೀವಕೋಶಗಳ ಹೊರಮೈಯಲ್ಲಿರುವ ಗ್ರಾಹಕ ಪ್ರೋಟೀನುಗಳು ಪಹರೆಯವರಂತೆ ಈ ಚೂರುಗಳನ್ನು ಗುರುತಿಸಿ ಒಳಗೆ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಸಾಗಲು ಎರಡು ಮುಖ್ಯ ಮಾರ್ಗಗಳಿವೆ. ಟೋಲ್ ಎಂಬ ಮಾರ್ಗವು ಶಿಲೀಂಧ್ರಗಳು ಮತ್ತು ಕೆಲವು ಬಗೆಯ ಬ್ಯಾಕ್ಟೀರಿಯಗಳು ಬಂದಾಗ ಎಚ್ಚರಗೊಳ್ಳುತ್ತದೆ. ಐ.ಎಂ.ಡಿ. ಎಂಬ ಮಾರ್ಗವು ಬ್ಯಾಕ್ಟೀರಿಯಗಳ ಮತ್ತೊಂದು ದೊಡ್ಡ ಗುಂಪಿಗೆ ಪ್ರತಿಯಾಗಿ ನಿಲ್ಲುತ್ತದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಜೂಲ್ಸ್ ಹಾಫ್‌ಮನ್, ಬ್ರೂನೊ ಲೆಮೇತ್ರ್ ಮೊದಲಾದವರು 1995 ಮತ್ತು 1996ರಲ್ಲಿ ಇವುಗಳ ಪಾತ್ರವನ್ನು ಬೆಳಕಿಗೆ ತಂದರು. ಟೋಲ್ ಮಾರ್ಗ ಕೆಟ್ಟ ನೊಣಗಳು ಬೂಷ್ಟಿನ ಸೋಂಕಿಗೆ ಬಲಿಯಾದವು; ಸತ್ತ ನೊಣದ ಮೈಯನ್ನು ಬೂಷ್ಟಿನ ಎಳೆಗಳು ಮುಸುಕಿದ್ದವು. ಕಾವಲಿಲ್ಲದ ಮನೆಯ ಗತಿ ಏನೆಂಬುದನ್ನು ಅವು ತೋರಿಸಿಕೊಟ್ಟವು.

ಹಾಗಾದರೆ ಕಾವಲು ಹೆಚ್ಚಿದಷ್ಟೂ ಒಳ್ಳೆಯದೆ? ಅಲ್ಲ. ರೋಗಾಣುವಿನ ಮೇಲೆ ಎತ್ತಿದ ಆಯುಧಕ್ಕೆ ಅಂಕೆಯಿಲ್ಲದಿದ್ದರೆ ಅದು ತನ್ನ ದೇಹವನ್ನೇ ಕೆಡಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಆದುದರಿಂದ ಕಾವಲನ್ನು ಎಬ್ಬಿಸುವ ಏರ್ಪಾಡಿನ ಜೊತೆಯಲ್ಲಿಯೇ ಅದನ್ನು ತಣಿಸುವ ಏರ್ಪಾಡೂ ನೊಣದ ಮೈಯಲ್ಲಿದೆ.

ಪಿ.ಜಿ.ಆರ್.ಪಿ.-ಎಲ್.ಬಿ. ಎಂಬ ಪ್ರೋಟೀನು ಇದಕ್ಕೆ ಉತ್ತಮ ನಿದರ್ಶನ. ಜೀವಕೋಶಗಳಿಂದ ಹೊರಗೆ ಸ್ರವಿಸುವ ಈ ಪ್ರೋಟೀನು ಪೆಪ್ಟಿಡೊಗ್ಲೈಕನ್ನಿನ ಚೂರುಗಳನ್ನು ಕತ್ತರಿಸಿ, ಪಹರೆಯವರನ್ನು ಎಚ್ಚರಿಸುವ ಗುಣವೇ ಅವುಗಳಲ್ಲಿ ಉಳಿಯದಂತೆ ಮಾಡುತ್ತದೆ. ಸುಳಿವು ಅಳಿದಂತೆ ಎಚ್ಚರಿಕೆಯೂ ಇಳಿಯುತ್ತದೆ. ಇದರಲ್ಲಿರುವ ಸೊಗಸು ಇನ್ನೊಂದು: ಎಲ್.ಬಿ. ಪ್ರೋಟೀನನ್ನು ಹೆಚ್ಚಾಗಿ ತಯಾರಿಸಲು ಅಪ್ಪಣೆ ಕೊಡುವುದೂ ಐ.ಎಂ.ಡಿ. ಮಾರ್ಗವೇ. ಕಾವಲು ಎದ್ದ ಗಳಿಗೆಯಲ್ಲಿಯೇ ಅದನ್ನು ಮಲಗಿಸುವ ಕೆಲಸವೂ ಆರಂಭವಾಗುತ್ತದೆ. ಸೋಂಕು ಸಣ್ಣದಾಗಿದ್ದರೆ ಚೂರುಗಳು ಬೇಗನೆ ಮುಗಿದು ಶಾಂತಿ ನೆಲೆಸುತ್ತದೆ. ಬ್ಯಾಕ್ಟೀರಿಯಗಳು ಬೆಳೆಯುತ್ತಲೇ ಹೋದರೆ ಚೂರುಗಳೂ ಹೆಚ್ಚುತ್ತ ಹೋಗಿ ಹೋರಾಟ ಮುಂದುವರಿಯುತ್ತದೆ. ಹೀಗೆ ಶತ್ರುವಿನ ಬಲಕ್ಕೆ ತಕ್ಕಷ್ಟೇ ಉತ್ತರ ದೊರೆಯುತ್ತದೆ. 2006ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಎಲ್.ಬಿ. ಪ್ರೋಟೀನನ್ನು ತಗ್ಗಿಸಿದ ನೊಣಗಳು ಸೋಂಕಿಗೆ ಅತಿಯಾದ ಪ್ರತಿಕ್ರಿಯೆ ತೋರಿದವು. ಬ್ಯಾಕ್ಟೀರಿಯಗಳನ್ನು ಬರಿದೆ ತಿಂದಾಗಲೂ ಕರುಳಿನಲ್ಲಿ ಮುಗಿಯಬೇಕಾದ ಎಚ್ಚರಿಕೆ ಮೈಗೆಲ್ಲ ಹಬ್ಬಿತು.

ಪಿರ್ಕ್ ಎಂಬ ಇನ್ನೊಂದು ಪ್ರೋಟೀನಿನ ದಾರಿ ಬೇರೆ. ಅದು ಸುಳಿವನ್ನು ಅಳಿಸುವುದಿಲ್ಲ. ಪಹರೆಯ ಗ್ರಾಹಕ ಪ್ರೋಟೀನುಗಳನ್ನೇ ಜೀವಕೋಶದ ಹೊರಮೈಯಿಂದ ಹಿಂದಕ್ಕೆ ಸರಿಸುತ್ತದೆ. ಇದರ ತಯಾರಿಕೆಗೂ ಐ.ಎಂ.ಡಿ. ಮಾರ್ಗವೇ ಕಾರಣ.

ಕರುಳಿನ ಸಮಸ್ಯೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಮಿತ್ರ ಬ್ಯಾಕ್ಟೀರಿಯಗಳು ಸದಾ ನೆಲೆಸಿರುತ್ತವೆ. ಅವುಗಳ ಕೋಶಭಿತ್ತಿಯಲ್ಲಿಯೂ ಅದೇ ಪೆಪ್ಟಿಡೊಗ್ಲೈಕನ್ ಇರುವುದರಿಂದ ಐ.ಎಂ.ಡಿ. ಮಾರ್ಗ ಅಲ್ಲಿ ಸ್ವಲ್ಪಮಟ್ಟಿಗೆ ಎಚ್ಚರವಾಗಿಯೇ ಇರುತ್ತದೆ. ಆದರೆ ಕಾಡಲ್ ಎಂಬ ಪ್ರೋಟೀನು ರೋಗಾಣುನಾಶಕ ಪೆಪ್ಟೈಡುಗಳ ಜೀನುಗಳನ್ನು ಹತೋಟಿಯಲ್ಲಿಟ್ಟಿರುತ್ತದೆ. ದಕ್ಷಿಣ ಕೊರಿಯದ ವಿಜ್ಞಾನಿ ವೊನ್-ಜೇ ಲೀ ಮತ್ತು ಸಂಗಡಿಗರು 2008ರಲ್ಲಿ ಕರುಳಿನ ಈ ಹತೋಟಿಯನ್ನು ತಗ್ಗಿಸಿ ಪರೀಕ್ಷಿಸಿದರು. ಪೆಪ್ಟೈಡುಗಳು ಮಿತಿಮೀರಿ ಸುರಿದವು. ಮೊದಲು ಹೇರಳವಾಗಿದ್ದ ಮಿತ್ರ ಬ್ಯಾಕ್ಟೀರಿಯವೊಂದು ಕ್ಷೀಣಿಸಿತು. ಅದುವರೆಗೆ ಮೂಲೆಯಲ್ಲಿ ಅಲ್ಪಸಂಖ್ಯೆಯಲ್ಲಿದ್ದ ಗ್ಲುಕೊನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಆ ಜಾಗದಲ್ಲಿ ತಲೆಯೆತ್ತಿತು. ಕರುಳಿನ ಜೀವಕೋಶಗಳು ಸತ್ತವು. ನೊಣಗಳು ಅಕಾಲದಲ್ಲಿ ಮಡಿದವು. ಅಂಥವೇ ನೊಣಗಳನ್ನು ಸೂಕ್ಷ್ಮಜೀವಿಗಳಿಲ್ಲದಂತೆ ಬೆಳೆಸಿದಾಗ ಕರುಳಿಗೆ ಈ ಕೇಡು ತಗುಲಲಿಲ್ಲ. ಅಂಕೆಯಿಲ್ಲದ ಕಾವಲು ಮಿತ್ರನನ್ನು ಓಡಿಸಿ ಶತ್ರುವಿಗೆ ಬಾಗಿಲು ತೆರೆದಿತ್ತು.

ನೊಣದ ಈ ಕಥೆ ನೊಣದಲ್ಲಿಯೇ ಮುಗಿಯುವುದಿಲ್ಲ. ಟೋಲ್ ಪ್ರೋಟೀನನ್ನು ಹೋಲುವ ಗ್ರಾಹಕಗಳು ಮನುಷ್ಯರಲ್ಲಿಯೂ ಇಲಿಗಳಲ್ಲಿಯೂ ಇವೆ. ಅಮೆರಿಕದ ಬ್ರೂಸ್ ಬಾಯ್ಟ್ಲರ್ ಮತ್ತು ಸಂಗಡಿಗರು 1998ರಲ್ಲಿ ಇಲಿಗಳ ಅಂಥ ಗ್ರಾಹಕವೊಂದು ಬ್ಯಾಕ್ಟೀರಿಯದ ವಿಷವಸ್ತುವನ್ನು ಗುರುತಿಸಲು ಅಗತ್ಯವೆಂದು ತೋರಿಸಿದರು. 2011ರ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧಭಾಗವನ್ನು ಹಾಫ್‌ಮನ್ ಮತ್ತು ಬಾಯ್ಟ್ಲರ್ ಹಂಚಿಕೊಂಡರು. ಉಳಿದರ್ಧ ರಾಲ್ಫ್ ಸ್ಟೈನ್‌ಮನ್ ಅವರಿಗೆ ಸಂದಿತು. ಮನುಷ್ಯರನ್ನು ಕಾಡುವ ಸೆಪ್ಸಿಸ್ ಎಂಬ ಭೀಕರ ಸ್ಥಿತಿಯಲ್ಲಿ, ಸೋಂಕಿಗೆ ಪ್ರತಿಯಾಗಿ ಎದ್ದ ದೇಹದ ರಕ್ಷಣೆಯೇ ಹತೋಟಿ ತಪ್ಪಿ ಸ್ವಂತ ಅವಯವಗಳನ್ನು ಹಾಳುಮಾಡುತ್ತದೆ. ಅಲ್ಲಿ ವೈದ್ಯರು ರೋಗಾಣುವನ್ನು ಎದುರಿಸಿದರಷ್ಟೇ ಸಾಲದು. ಕುಸಿಯುತ್ತಿರುವ ಅವಯವಗಳನ್ನೂ ಕಾಪಾಡಬೇಕಾಗುತ್ತದೆ.

ರೋಗನಿರೋಧ ಶಕ್ತಿ ಎಂದೊಡನೆ ಜನರು ಅದರ ಬಲವನ್ನು ಮಾತ್ರ ನೆನೆಯುತ್ತಾರೆ. ಬಲದಷ್ಟೇ ಮುಖ್ಯವಾದುದು ಅದರ ಹದ. ಏಳಬೇಕಾದಾಗ ಏಳುವುದು, ಬೇಕಾದಷ್ಟೇ ಹೋರಾಡುವುದು, ಕೆಲಸ ಮುಗಿದೊಡನೆ ಅಡಗುವುದು: ಇವು ಮೂರೂ ಕೂಡಿದಾಗಲೇ ಆರೋಗ್ಯ. ಬಾಳೆಯ ಹಣ್ಣಿನ ಮೇಲೆ ಕುಳಿತ ನೊಣವು ಈ ಹದವನ್ನು ತನ್ನ ಮೈಯಲ್ಲಿಯೇ ಹೊತ್ತುಕೊಂಡಿದೆ.