ಶ್ವಾಸಕೋಶದ ಗಂಟು ಮತ್ತು ನಮ್ಮ ಭರವಸೆ
(ಲೂರ್ದು ಮಾತೆಯ ಹಬ್ಬ, ಫೆಬ್ರವರಿ 11)



ಲೂರ್ದು ಮಾತೆಯ ಹಬ್ಬದ ದಿನವನ್ನು ಸಂತ ಎರಡನೆಯ ಜಾನ್ ಪಾಲರು 1992ರಲ್ಲಿ ವಿಶ್ವ ರೋಗಿಗಳ ದಿನವೆಂದು ಸಾರಿದರು. ಈ ಹಬ್ಬದಲ್ಲಿ ಎಲುಬಿನ ಕ್ಯಾನ್ಸರ್‌ನಿಂದ ನರಳುವ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ವಿಶೇಷವಾಗಿ ಸ್ಮರಿಸೋಣ.

ಹದಿಹರೆಯದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎಲುಬಿನ ಕ್ಯಾನ್ಸರ್ ಆಸ್ಟಿಯೋಸಾರ್ಕೋಮ. ಇದು ಬಹುಮಟ್ಟಿಗೆ ಮೊಣಕಾಲಿನ ಸುತ್ತ ಹುಟ್ಟುತ್ತದೆ. ಬಾವು ಕಂಡರೆ ಗಬ್ಬೂರಿನ ಕಡೆ ನಾವು ಆಟದಲ್ಲಿ ಬಿದ್ದ ಪೆಟ್ಟೆಂದು ಎಣ್ಣೆ ತಿಕ್ಕುತ್ತೇವೆ, ಪಟ್ಟು ಕಟ್ಟಿಸುತ್ತೇವೆ. ವಾರಗಳು ಕಳೆದರೂ ಇಳಿಯದ, ರಾತ್ರಿ ನಿದ್ದೆಗೆಡಿಸುವ ನೋವಿಗೆ ತಿಕ್ಕುವುದು ಬೇಡ, ಎಕ್ಸ್‌ರೇ ಬೇಕು.

ಈ ರೋಗ ರಕ್ತದ ಮೂಲಕ ಹರಡುವಾಗ ಸಾಮಾನ್ಯವಾಗಿ ಮೊದಲು ಸೇರುವುದು ಶ್ವಾಸಕೋಶವನ್ನು. ಅದಕ್ಕಾಗಿಯೇ ವೈದ್ಯರು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಅದರಲ್ಲಿ ಸಣ್ಣ ಗಂಟುಗಳು ಕಂಡವೆಂದರೆ ಸಾಕು, "ದೇವರು ಇಟ್ಟಂಗ ಆಗ್ಲಿ, ಮನಿಗೆ ಕರ್ಕೊಂಡು ಹೋಗೋಣು" ಎನ್ನುವವರಿದ್ದಾರೆ. ಆದರೆ ಪ್ರತಿ ಗಂಟೂ ಕ್ಯಾನ್ಸರ್ ಅಲ್ಲ. ಹಳೆಯ ಕ್ಷಯದ ಅಥವಾ ಬೇರೆ ಸೋಂಕಿನ ಕಲೆಯೂ ಹಾಗೆಯೇ ಕಾಣಬಹುದು. 5 ಮಿ.ಮೀ.ಗಿಂತ ಚಿಕ್ಕ ಗಂಟಾದರೆ ಚಿಕಿತ್ಸೆ ನಡೆಸುತ್ತಲೇ ಮತ್ತೆ ಸ್ಕ್ಯಾನ್ ಮಾಡಿ, ಅಗತ್ಯವಿದ್ದರೆ ತೆಗೆದು ಪರೀಕ್ಷಿಸುತ್ತಾರೆ.

ಗಂಟು ಕ್ಯಾನ್ಸರೇ ಆಗಿದ್ದರೆ? ಸತ್ಯವನ್ನು ಮರೆಮಾಚಬಾರದು. ರೋಗ ಹರಡದಿದ್ದಾಗ, ಕೀಮೋಥೆರಪಿ ಮತ್ತು ಶಸ್ತ್ರಚಿಕಿತ್ಸೆ ಪೂರ್ತಿಯಾದರೆ ಹತ್ತು ಮಕ್ಕಳಲ್ಲಿ ಸುಮಾರು ಆರೇಳು ಮಂದಿ ಉಳಿಯುತ್ತಾರೆ. ಶ್ವಾಸಕೋಶಕ್ಕೆ ಮೊದಲೇ ಹರಡಿದ್ದರೆ ಉಳಿಯುವವರು ಎರಡು ಮೂರು ಮಂದಿ. ಗಂಟುಗಳು ಕೆಲವೇ ಇದ್ದು, ಎಲ್ಲವನ್ನೂ ತೆಗೆಯಲು ಸಾಧ್ಯವಾದರೆ ಭರವಸೆ ಹೆಚ್ಚು. 1970ರ ದಶಕಕ್ಕೆ ಮುಂಚೆ, ಕೀಮೋಥೆರಪಿ ಇಲ್ಲದ ಕಾಲದಲ್ಲಿ, ರೋಗ ಹರಡಿದಂತೆ ಕಾಣದ ಮಕ್ಕಳಲ್ಲಿಯೂ ಕಾಲು ಕತ್ತರಿಸಿದ ಮೇಲೆ ಹತ್ತಕ್ಕೆ ಇಬ್ಬರು ಉಳಿಯುವುದೇ ಕಷ್ಟವಾಗಿತ್ತು. ಈ ಲೆಕ್ಕವೆಲ್ಲ ಅನೇಕ ಮಕ್ಕಳದ್ದು. ನಮ್ಮ ಮಗು ಯಾರ ಸಾಲಿನಲ್ಲಿದೆ ಎಂಬುದನ್ನು ಅದು ಹೇಳಲಾರದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ಎರಡು ಮೂರರ ಅವಕಾಶವೂ ಕೈತಪ್ಪುತ್ತದೆ.

ಹಾಗಾದರೆ ಅದ್ಭುತಗಳು? ಸಿಸಿಲಿಯ ಬಾಲಕಿ ಡೆಲಿಜಿಯಾ ಚಿರೊಲ್ಲಿಗೆ ಬಲ ಮೊಣಕಾಲಿನಲ್ಲಿ ಎಲುಬಿನ ಕ್ಯಾನ್ಸರ್ ಇತ್ತು. 1976ರಲ್ಲಿ ಲೂರ್ದು ಯಾತ್ರೆ ಮಾಡಿ, ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಚೇತರಿಸಿಕೊಂಡಳು. ಧರ್ಮಸಭೆ ಅವಸರಪಡಲಿಲ್ಲ, ವೈದ್ಯರು ಹಲವು ವರ್ಷ ಪರಿಶೀಲಿಸಿದ ನಂತರವೇ 1989ರಲ್ಲಿ ಅದನ್ನು ಅದ್ಭುತವೆಂದು ಘೋಷಿಸಲಾಯಿತು. ಅದ್ಭುತವು ದೇವರ ಉಚಿತ ವರ. ಹರಕೆ ಹೊತ್ತು ಚಿಕಿತ್ಸೆ ಬಿಡಬೇಕೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ವೈದ್ಯನನ್ನೂ ಔಷಧಿಯನ್ನೂ ದೇವರೇ ಕೊಟ್ಟರೆಂಬುದು ಸಿರಾಖ ಗ್ರಂಥದ 38ನೆಯ ಅಧ್ಯಾಯದ ಬೋಧೆ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಕ್ಯಾನ್ಸರ್ ರೋಗಿಗಳ ಸೇವೆಯಲ್ಲಿದೆ. ಕಲಬುರಗಿಯಲ್ಲಿಯೂ ಅದರ ಕೇಂದ್ರವಿದೆ. ಬಿ.ಪಿ.ಎಲ್. ಕುಟುಂಬಗಳು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಆಸ್ಪತ್ರೆಯಲ್ಲಿ ಕೇಳಿ ಪಡೆಯಬೇಕು. ಇಂಥ ಮನೆಯವರು ತಿಂಗಳುಗಟ್ಟಲೆ ಕೂಲಿ ಬಿಟ್ಟು ಊರಿಂದೂರಿಗೆ ಅಲೆಯುತ್ತಾರೆ. ಅವರ ಪ್ರಯಾಣದ ಖರ್ಚಿಗೆ ಕೈಜೋಡಿಸುವುದು, ಊರಲ್ಲಿ ಉಳಿದ ಮಕ್ಕಳಿಗೆ ಊಟ ಹಾಕುವುದು ನಮ್ಮ ಧರ್ಮಕೇಂದ್ರದ ಕರ್ತವ್ಯ. ಗುಣವಾಗದೆಂದು ತಿಳಿದಾಗಲೂ ನೋವು ಶಮನಗೊಳಿಸುವ ಆರೈಕೆಯುಂಟು, ರೋಗಿಗಳ ಅಭ್ಯಂಗ ಸಂಸ್ಕಾರವುಂಟು. ಶಿಲುಬೆಯ ಬುಡದಲ್ಲಿ ನಿಂತ ಮಾತೆ ಮರಿಯಮ್ಮನವರಂತೆ ನಾವೂ ಆ ಮಗುವಿನ ಮಗ್ಗುಲಲ್ಲಿ ನಿಲ್ಲೋಣ.

ಲೂರ್ದು ಮಾತೆಯೇ, ರೋಗಿಗಳ ಆರೋಗ್ಯವೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.